ಸುಂಕವೂ ಸತ್ಯವೂ

ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡಂತೆ ಎಂಬ ಗಾದೆಯು ಕನ್ನಡನಾಡಿನಲ್ಲಿ ಬಹು ಹಳೆಯದು. ಸುಂಕದವನಿಗೆ ಬೇಕಾದುದು ಹೇರಿನ ಲೆಕ್ಕ. ಹೇರನ್ನು ತಂದವನ ಬಾಳಿನ ಲೆಕ್ಕವಲ್ಲ ಎಂಬುದು ಅದರ ತಾತ್ಪರ್ಯ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಪದೇ ಪದೇ ಬರುವುವು. ಮೈಸೂರು ಸಂಸ್ಥಾನದಲ್ಲಿ ಇಂಥ ತೆರಿಗೆಗಳು ಎಷ್ಟು ಬೆಳೆದಿದ್ದುವೆಂದರೆ, ೧೮೩೪ರಿಂದ ೧೮೬೧ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ೭೬೯ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಬೇಕಾಯಿತು. ಊರೂರಿನ ನಡುವೆ ನಿಂತಿದ್ದ ಸುಂಕದ ಕಟ್ಟೆಗಳು ಕಾಲಕ್ರಮದಲ್ಲಿ ಅಳಿದು, ದೊಡ್ಡ ಕಟ್ಟೆಯೊಂದು ಕಡಲ ದಂಡೆಗೂ ದೇಶದ ಎಲ್ಲೆಗೂ ಸರಿದು ನಿಂತಿದೆ.

ಕಡೂರು, ತರೀಕೆರೆ, ಅಜ್ಜಂಪುರಗಳಿಂದ ಕಡಲು ದೂರ. ೧೯೪೭ರವರೆಗೆ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಸೀಮೆಯ ರೈತನು ಹಡಗನ್ನು ನೋಡದೆಯೇ ಬಾಳನ್ನು ಕಳೆಯಬಹುದು. ಆದರೂ ಬೀರೂರಿನ ಮಂಡಿಯಲ್ಲಿ, ತರೀಕೆರೆಯ ಪೇಟೆಯಲ್ಲಿ ಅವನ ಅಡಿಕೆಗೆ ಕಟ್ಟುವ ಬೆಲೆಯು ಎಷ್ಟೋ ಗಾವುದ ದೂರದ ಬಂದರಿನಲ್ಲಿ ಒಬ್ಬ ಅಧಿಕಾರಿಯು ಒಂದು ಮೂಟೆಯನ್ನು ಏನೆಂದು ಕರೆದನೆಂಬುದನ್ನು ಹೊಂದಿಕೊಂಡಿರುವುದು. ಇಲ್ಲಿ ಮೂರು ಪ್ರಶ್ನೆಗಳು ಏಳುವುವು. ವಸ್ತುವಿನ ಹೆಸರನ್ನು ನಿಶ್ಚಯಿಸತಕ್ಕವರು ಯಾರು? ಹೆಸರು ಬದಲಾದರೆ ಸುಂಕವೂ ಬದಲಾಗುವುದಾದಲ್ಲಿ, ಹೆಸರನ್ನು ಬದಲಿಸುವವನು ಕಾನೂನಿನ ಮುಂದೆ ನಿರಪರಾಧಿಯಾದರೂ ಧರ್ಮದ ಮುಂದೆ ಹಾಗಿರುವನೇ? ಸುಂಕದ ಕಟ್ಟೆಯನ್ನು ತನ್ನ ರಕ್ಷಣೆಗೆಂದು ಬೇಡುವವನು ಯಾವ ಋಣಕ್ಕೆ ಒಳಗಾಗುವನು?

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ತರೀಕೆರೆಯ ಕಡೆಯ ತೋಟಗಳಲ್ಲಿ ಅಡಿಕೆಯ ಗೊನೆಯನ್ನು ಕಾಯಿ ಹಣ್ಣಾಗುವ ಮುನ್ನವೇ ಇಳಿಸಿ, ಸುಲಿದು, ಚೊಗರು ಕೂಡಿಸಿದ ನೀರಿನಲ್ಲಿ ಬೇಯಿಸಿ, ಒಣಗಿಸುವರು. ರಾಶಿ, ಬೆಟ್ಟೆ ಎಂಬ ತರಗಳು ಹೀಗೆ ಹುಟ್ಟುವುವು. ಘಟ್ಟದ ಕೆಳಗೆ, ದಕ್ಷಿಣ ಕನ್ನಡದಲ್ಲಿ, ಹಣ್ಣಡಿಕೆಯನ್ನು ಬಿಸಿಲಿನಲ್ಲಿ ಬಹುದಿನ ಒಣಗಿಸಿ ಸುಲಿದು ಚಾಲಿಯನ್ನು ಮಾಡುವರು. ಬೇಯಿಸಿದುದೂ ಅಡಿಕೆಯೇ, ಬೇಯಿಸದುದೂ ಅಡಿಕೆಯೇ ಎಂಬುದರಲ್ಲಿ ಈ ಎರಡು ಸೀಮೆಯವರಿಗೂ ಸಂದೇಹವಿಲ್ಲ.

ಕಾನೂನಿಗೆ ಸಂದೇಹವಿದೆ. ೧೯೭೫ರ ಸುಂಕದರದ ಕಾಯಿದೆಯ ಅನುಸೂಚಿಯು ಲೋಕದ ಸರಕುಗಳನ್ನೆಲ್ಲ ಅಧ್ಯಾಯಗಳಾಗಿ ವಿಂಗಡಿಸಿದೆ. ಎಂಟನೆಯ ಅಧ್ಯಾಯವು ಹಣ್ಣು ಮತ್ತು ಬೀಜಕಾಯಿಗಳದು. ಅಡಿಕೆಗೆ ಅಲ್ಲಿ ಸ್ಥಾನವಿದ್ದು, ಅದರ ಮೇಲಣ ಸುಂಕವು ನೂರಕ್ಕೆ ನೂರು. ಇಪ್ಪತ್ತನೆಯದು ಹಣ್ಣು, ಬೀಜ ಮೊದಲಾದುವುಗಳಿಂದ ಮಾಡಿದ ಪದಾರ್ಥಗಳದು. ಹುರಿದ ಬೀಜಗಳು ಅಲ್ಲಿ ಬರುವುವು. ಇಪ್ಪತ್ತೊಂದನೆಯದು ಬಗೆಬಗೆಯ ತಿನಿಸುಗಳದು. ಸುಪಾರಿ ಎಂದು ಹೆಸರಾದ ಅಡಿಕೆಯ ಪದಾರ್ಥಕ್ಕೆ ಅಲ್ಲಿ ಬೇರೆ ಸಂಖ್ಯೆಯಿದೆ. ಸುಣ್ಣ, ಕಾಚು, ಹೊಗೆಸೊಪ್ಪು ಸೇರದೆ, ಏಲಕ್ಕಿ, ಕೊಬ್ಬರಿ, ಪುದೀನದ ಸತ್ತ್ವದಂಥವು ಸೇರಿಯಾಗಲಿ ಸೇರದೆಯಾಗಲಿ ಅಡಿಕೆಯಿಂದ ಮಾಡಿದ ಯಾವುದೇ ಸಿದ್ಧಪದಾರ್ಥವು ಸುಪಾರಿಯೆಂದು ಆ ಅಧ್ಯಾಯದ ಟಿಪ್ಪಣಿ ಹೇಳುವುದು.

ಇದರ ಮೇಲೆ ರಾಷ್ಟ್ರಗಳ ನಡುವಣ ಒಪ್ಪಂದಗಳು ಬಂದುವು. ಶ್ರೀಲಂಕೆಯೊಡನೆ ೧೯೯೮ರಲ್ಲಿ ಮಾಡಿಕೊಂಡ ಒಪ್ಪಂದವು ೨೦೦೦ದಲ್ಲಿಯೂ, ಆಗ್ನೇಯ ಏಷ್ಯದ ರಾಷ್ಟ್ರಗಳ ಕೂಟದೊಡನೆ ೨೦೦೯ರಲ್ಲಿ ಮಾಡಿಕೊಂಡುದು ೨೦೧೦ರಲ್ಲಿಯೂ ಜಾರಿಗೆ ಬಂದುವು. ಒಪ್ಪಂದಕ್ಕೊಳಗಾದ ಸರಕು ಆಯಾ ದೇಶದಲ್ಲಿಯೇ ಹುಟ್ಟಿದುದೆಂಬ ಪತ್ರವಿದ್ದರೆ ಸುಂಕವು ಇಳಿಯುವುದು, ಇಲ್ಲವೇ ಇಲ್ಲವಾಗುವುದು. ಇದನ್ನು ತಡೆಯಲೆಂದು ಸರ್ಕಾರವು ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು ಕಟ್ಟಿತು. ೨೦೧೭ರಲ್ಲಿ ಅದು ಕಿಲೋಗ್ರಾಮಿಗೆ ೨೫೧ ರೂಪಾಯಿ. ೨೦೨೩ರ ಫೆಬ್ರವರಿಯಲ್ಲಿ ೩೫೧ ರೂಪಾಯಿ. ಸಾಮಾನ್ಯ ವ್ಯಾಪಾರಕ್ಕೆಂದು ಅದಕ್ಕಿಂತ ಕಡಿಮೆ ಬೆಲೆಗೆ ಬಂದ ಅಡಿಕೆಗೆ ಪ್ರವೇಶವಿಲ್ಲ. ಹೀಗೆ ಒಂದೇ ಕಾಯಿಗೆ ಒಂದು ಬಾಗಿಲಿನಲ್ಲಿ ಭಾರವಾದ ತಡೆ, ಇನ್ನೊಂದು ಬಾಗಿಲಿನಲ್ಲಿ ಹಗುರವಾದ ತಡೆ. ಯಾವ ಬಾಗಿಲೆಂಬುದನ್ನು ತೀರ್ಮಾನಿಸುವುದು ಹೆಸರು.

ಹೆಸರಿನ ಮೇಲಣ ವ್ಯಾಜ್ಯಗಳು ಅಡಿಕೆಯಿಂದ ಆರಂಭವಾದುವಲ್ಲ. ಅಮೆರಿಕದಲ್ಲಿ ೧೮೮೩ರ ಕಾಯಿದೆಯು ತರಕಾರಿಗೆ ನೂರಕ್ಕೆ ಹತ್ತರ ಸುಂಕವನ್ನು ವಿಧಿಸಿ, ಹಣ್ಣನ್ನು ಬಿಟ್ಟಿತ್ತು. ವೆಸ್ಟ್ ಇಂಡೀಸಿನಿಂದ ಟೊಮೆಟೊ ತರಿಸಿದ ವರ್ತಕರು, ಸಸ್ಯಶಾಸ್ತ್ರದಂತೆ ಅದು ಹಣ್ಣು, ಆದುದರಿಂದ ಸುಂಕವಿಲ್ಲ ಎಂದು ನ್ಯೂಯಾರ್ಕಿನ ಸುಂಕಾಧಿಕಾರಿಯ ಮೇಲೆ ದಾವೆ ಹೂಡಿದರು. ಜನರು ಅದನ್ನು ಊಟದೊಡನೆ ತರಕಾರಿಯಂತೆ ತಿನ್ನುವರೇ ಹೊರತು ಊಟದ ಕೊನೆಗೆ ಹಣ್ಣಿನಂತೆ ತಿನ್ನುವುದಿಲ್ಲವೆಂದು ೧೮೯೩ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೬೧ರಲ್ಲಿ ಮಾರಾಟ ತೆರಿಗೆಯ ಒಂದು ಮೊಕದ್ದಮೆಯಲ್ಲಿ, ವೀಳ್ಯದೆಲೆಯು ಸಸ್ಯವಾದರೂ ತರಕಾರಿಯಲ್ಲವೆಂದಿತು. ಎರಡರ ತರ್ಕವೂ ಒಂದೇ: ಪಂಡಿತನ ನಿಘಂಟು ಏನನ್ನಾದರೂ ಹೇಳಲಿ, ಪೇಟೆಯ ಮಾತೇ ಪ್ರಮಾಣ.

ಈ ದೇಶದ ಮೀಮಾಂಸಕರಿಗೆ ಇದು ಹೊಸ ಮಾತಲ್ಲ. ಪದದ ಅವಯವಗಳಿಂದ ಹುಟ್ಟುವ ಅರ್ಥವನ್ನು ಯೋಗವೆಂದೂ, ಜನರ ಬಳಕೆಯಿಂದ ನಿಂತ ಅರ್ಥವನ್ನು ರೂಢಿಯೆಂದೂ ಕರೆದು, ಎರಡಕ್ಕೂ ವಿರೋಧ ಬಂದಲ್ಲಿ ರೂಢಿಯೇ ಬಲವುಳ್ಳದ್ದೆಂದು ಅವರು ನಿರ್ಣಯಿಸಿದರು. ನೈಯಾಯಿಕರು ಪದದ ಅರ್ಥವನ್ನು ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರರಲ್ಲಿಯೂ ಕಂಡರು. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಿಗೆ ಬೋಧಿಸಿದುದು ಇನ್ನೂ ಆಳವಾದುದು. ಮಣ್ಣಿನ ಗಡಿಗೆ ಕುಡಿಕೆಗಳ ಭೇದವು ಮಾತಿನಿಂದ ಬಂದ ಹೆಸರು ಮಾತ್ರ, ಮಣ್ಣೆಂಬುದೇ ಸತ್ಯ.

೨೦೦೭ರಲ್ಲಿ ಕ್ರೇನ್ ಅಡಿಕೆಪುಡಿಯ ಕಾರ್ಖಾನೆಯ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಎದ್ದುದು ಹೆಚ್ಚುಕಡಿಮೆ ಉದ್ದಾಲಕನ ಪ್ರಶ್ನೆಯೇ. ಅಡಿಕೆಯನ್ನು ಕತ್ತರಿಸಿ, ಎಣ್ಣೆ, ಸಿಹಿ, ಪುದೀನದ ಸತ್ತ್ವಗಳನ್ನು ಸೇರಿಸಿದರೆ ಹೊಸ ವಸ್ತು ಹುಟ್ಟಿತೇ, ಇಲ್ಲವೇ? ಹುಟ್ಟಿತೆಂದಾದರೆ ತಯಾರಿಕೆಯ ತೆರಿಗೆಯುಂಟು. ಹುಟ್ಟಲಿಲ್ಲ, ಅಡಿಕೆಯು ಅಡಿಕೆಯಾಗಿಯೇ ಉಳಿಯಿತು ಎಂದು ನ್ಯಾಯಾಲಯವು ಹೇಳಿತು. ತರುವಾಯ ಶಾಸನಕರ್ತರು ಅಬಕಾರಿ ಸುಂಕದ ಅನುಸೂಚಿಗೆ ಟಿಪ್ಪಣಿಯನ್ನು ಸೇರಿಸಿ, ಇಂಥ ಬೆರಕೆಯನ್ನು ತಯಾರಿಕೆಯೆಂದೇ ಭಾವಿಸತಕ್ಕದ್ದೆಂದು ವಿಧಿಸಿದರು. ಮಣ್ಣೊಂದೇ ಸತ್ಯವೆಂದು ನ್ಯಾಯಾಧೀಶರು ಹೇಳಬಹುದು. ಗಡಿಗೆಯ ಮೇಲೆ ತೆರಿಗೆ ಬೇಕಾದ ರಾಜ್ಯವು ಗಡಿಗೆಯೂ ಸತ್ಯವೆಂದು ವಿಧಿಸಬಲ್ಲುದು.

ಆ ಮೊಕದ್ದಮೆಯಲ್ಲಿ ಅಡಿಕೆಯು ಅಡಿಕೆಯೇ ಎಂದು ವಾದಿಸಿದವನು ತೆರಿಗೆ ಕೊಡಬೇಕಾದ ತಯಾರಕ. ಹೊಸ ವಸ್ತುವೆಂದು ವಾದಿಸಿದುದು ಸರ್ಕಾರ. ಆಮದಿನ ವ್ಯಾಜ್ಯಗಳಲ್ಲಿ ಪಾತ್ರಗಳು ಅದಲುಬದಲಾದುವು. ಬೇಯಿಸಿದ ಕಾಯಿಯು ಅಡಿಕೆಯಲ್ಲ, ಸುಪಾರಿ ಎಂದು ಆಮದುದಾರನ ವಾದ; ಎಷ್ಟು ಬೇಯಿಸಿದರೂ ಅದು ಅಡಿಕೆಯೇ ಎಂದು ಸರ್ಕಾರದ ವಾದ. ನಿರ್ಣಯಗಳು ಕೆಲವೆಡೆ ಹಾಗೆಯೂ ಕೆಲವೆಡೆ ಹೀಗೆಯೂ ಬಂದುವು. ಹುರಿದ ಅಡಿಕೆಯು ಇಪ್ಪತ್ತನೆಯ ಅಧ್ಯಾಯಕ್ಕೆ ಸೇರತಕ್ಕದ್ದೆಂಬ ಮುಂಗಡ ನಿರ್ಣಯವನ್ನು ಮದರಾಸಿನ ಉಚ್ಚ ನ್ಯಾಯಾಲಯವು ೨೦೨೩ರಲ್ಲಿ ಎತ್ತಿಹಿಡಿಯಿತು. ೨೦೨೫ರ ಏಪ್ರಿಲಿನಲ್ಲಿ ಸರ್ಕಾರವು ೩೫೧ ರೂಪಾಯಿಯ ಕಟ್ಟನ್ನು ಹುರಿದ ಅಡಿಕೆಗೂ ವಿಸ್ತರಿಸಿತು. ಎರಡು ಪಕ್ಷದವರೂ ವಸ್ತುವನ್ನು ನೋಡಿ ಹೆಸರಿಡುತ್ತಿಲ್ಲ, ಸುಂಕವನ್ನು ನೋಡಿ ಹೆಸರಿಡುತ್ತಿರುವರೆಂದು ಯಾರಿಗಾದರೂ ತೋರದಿರದು.

ಇಲ್ಲಿ ಆಮದುದಾರನ ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಅವನು ಹೇಳುವುದೇನೆಂದರೆ: ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದೆಂಬುದು ಸಂವಿಧಾನದ ೨೬೫ನೆಯ ಅನುಚ್ಛೇದ. ಅನುಸೂಚಿಯನ್ನು ಬರೆದವರು ಸರ್ಕಾರದವರು. ಬರೆದ ಅಕ್ಷರಕ್ಕೆ ಸರಿಯಾಗಿ ಸರಕನ್ನು ಸಿದ್ಧಮಾಡಿ ತರುವುದು ಪಾಪವಾಗಲಾರದು. ಅಕ್ಷರವನ್ನು ಬಿಟ್ಟು ಆಶಯವನ್ನು ಹಿಡಿದು ತೆರಿಗೆ ಹೇರುವ ಅಧಿಕಾರವನ್ನು ಇಂದು ಆಮದುದಾರನ ಮೇಲೆ ಕೊಟ್ಟರೆ, ನಾಳೆ ಅದೇ ಅಧಿಕಾರವು ತೋಟದವನ ಅಟ್ಟವನ್ನು ಏರುವುದು.

ಈ ವಾದದಲ್ಲಿ ಸತ್ತ್ವವಿದೆ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಇದನ್ನು ವಿಚಾರಿಸಿತು. ಆ ಮೊಕದ್ದಮೆಯೂ ಹೆಸರಿನದೇ: ಆಮದಾದ ಇ ಜೀವಸತ್ತ್ವದ ಪುಡಿಯು ಪ್ರಾಣಿಗಳ ಆಹಾರವೆನಿಸಿ ಸುಂಕದ ರಿಯಾಯಿತಿಗೆ ಅರ್ಹವೇ ಎಂಬುದು. ತೆರಿಗೆಯನ್ನು ವಿಧಿಸುವ ವಾಕ್ಯದಲ್ಲಿ ಸಂದೇಹವಿದ್ದರೆ ಅದರ ಲಾಭವು ಪ್ರಜೆಗೆ. ವಿನಾಯಿತಿಯನ್ನು ಕೊಡುವ ವಾಕ್ಯದಲ್ಲಿ ಸಂದೇಹವಿದ್ದರೆ ಅದರ ಲಾಭವು ಬೊಕ್ಕಸಕ್ಕೆ ಎಂದು ಪೀಠವು ನಿರ್ಣಯಿಸಿತು. ಕೇಳುವವನು ತನ್ನ ಹಕ್ಕನ್ನು ಸ್ಪಷ್ಟಪಡಿಸಲಿ ಎಂಬ ಈ ಮಾತು ಲೋಕನ್ಯಾಯಕ್ಕೂ ಒಪ್ಪುವಂಥದು.

ಆದರೆ ಕಾನೂನಿನ ಹೊಣೆಯೊಂದು, ಸತ್ಯದ ಹೊಣೆಯೊಂದು. ಹೆಸರಿನ ವ್ಯಾಜ್ಯಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಅವುಗಳಲ್ಲಿ ಮೂರು ಬಗೆಗಳುಂಟು. ವಸ್ತುವು ನಿಜವಾಗಿಯೂ ಎರಡು ಹೆಸರುಗಳ ಗಡಿಯಲ್ಲಿದ್ದು, ಇಬ್ಬರು ಪ್ರಾಮಾಣಿಕರು ಅದನ್ನು ಬೇರೆಬೇರೆಯಾಗಿ ಕರೆಯುವುದು ಮೊದಲನೆಯದು. ಇದರಲ್ಲಿ ದೋಷವಿಲ್ಲ, ನ್ಯಾಯಾಲಯಗಳಿರುವುದೇ ಇದಕ್ಕಾಗಿ. ಸುಂಕವನ್ನು ತಪ್ಪಿಸುವ ಉದ್ದೇಶದಿಂದಲೇ ವಸ್ತುವನ್ನು ನಿಜವಾಗಿ ಮಾರ್ಪಡಿಸುವುದು ಎರಡನೆಯದು. ಹುರಿಯುವ ಅಗತ್ಯವಿಲ್ಲದ ಕಾಯನ್ನು ಹುರಿದು ತಂದವನು ಹುರಿದೆನೆಂದು ಹೇಳಿದರೆ ಅವನು ಸುಳ್ಳನಲ್ಲ; ಬೇಲಿಯ ಕಿಂಡಿಯನ್ನು ಮುಚ್ಚಬೇಕಾದವನು ಬೇಲಿ ಕಟ್ಟಿದವನು. ಹುರಿಯದೆ ಹುರಿದೆನೆಂದು, ಒಂದು ದೇಶದ ಕಾಯನ್ನು ಇನ್ನೊಂದು ದೇಶದ್ದೆಂದು, ಒಂದು ಬೆಲೆಗೆ ಕೊಂಡುದನ್ನು ಇನ್ನೊಂದು ಬೆಲೆಗೆ ಕೊಂಡೆನೆಂದು ಬರೆಯುವುದು ಮೂರನೆಯದು. ಸುಂಕದ ಕಟ್ಟೆಗೆ ಕೊಡುವ ಪತ್ರವು ಸಾಕ್ಷ್ಯಕ್ಕೆ ಸಮಾನ; ಅಲ್ಲಿ ಬರೆದ ಸುಳ್ಳು ವ್ಯಾಪಾರದ ಜಾಣತನವಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಗೆ ಇದಕ್ಕಿಂತ ನೇರವಾದ ನಿದರ್ಶನವು ಸಿಕ್ಕಲಾರದು. ಹುಟ್ಟಿದ ದೇಶವನ್ನು ಸ್ಥಾಪಿಸುವ ಹೊಣೆಯನ್ನು ೨೦೨೦ರಲ್ಲಿ ಕಾಯಿದೆಗೆ ಹೊಸ ವಿಧಿಯನ್ನು ಸೇರಿಸಿ ಆಮದುದಾರನ ಮೇಲೆಯೇ ಇಟ್ಟುದು ಈ ಮೂರನೆಯ ಬಗೆಯನ್ನು ತಡೆಯಲಿಕ್ಕಾಗಿ.

ರಾಜ್ಯವೂ ಇಲ್ಲಿ ಪರೀಕ್ಷೆಗೆ ಹೊರತಲ್ಲ. ಸುಂಕವು ಬೆಲೆಯನ್ನು ಅನುಸರಿಸಿದರೆ ವರ್ತಕನಿಗೆ ಬೆಲೆಯನ್ನು ತಗ್ಗಿಸಿ ಬರೆಯುವ ಆಸೆ ಹುಟ್ಟುವುದು. ಅಧಿಕಾರಿಯು ಅದನ್ನು ಹುಡುಕುವನು. ಕನಿಷ್ಠ ಬೆಲೆಯ ಕಟ್ಟು ಬಂದಾಗ, ಸುಂಕದ ವಿನಾಯಿತಿಯೂ ಇದ್ದಲ್ಲಿ, ಆಸೆಯು ತಿರುಗಿ ನಿಲ್ಲುವುದು. ೨೦೦ ರೂಪಾಯಿಗೆ ಕೊಂಡವನು ನಿಜವನ್ನು ಬರೆದರೆ ಬಾಗಿಲು ಮುಚ್ಚುವುದು; ೩೫೧ ಎಂದು ಸುಳ್ಳು ಬರೆದರೆ ಬಾಗಿಲು ತೆರೆಯುವುದು, ಸುಂಕವೂ ತಗಲದು. ಸುಳ್ಳು ಬರೆದವನ ದೋಷವು ಇದರಿಂದ ಕಡಮೆಯಾಗುವುದಿಲ್ಲ. ಆದರೆ ನಿಜವನ್ನು ಹೇಳಿದವನಿಗೆ ನಷ್ಟವನ್ನೂ ಸುಳ್ಳನ್ನು ಹೇಳಿದವನಿಗೆ ಲಾಭವನ್ನೂ ಇಟ್ಟ ವಿಧಿಯು ಪ್ರಜೆಯ ಶೀಲದ ಮೇಲೆ ಭಾರ ಹೊರಿಸುವುದು. ವಿಧಿಯನ್ನು ಮಾಡುವವರು ಬೊಕ್ಕಸದ ಲೆಕ್ಕದೊಡನೆ ಇದನ್ನೂ ಎಣಿಸತಕ್ಕದ್ದು.

ಇನ್ನು ರಕ್ಷಣೆಯನ್ನು ಬೇಡುವವನ ವಿಚಾರ. ತರೀಕೆರೆಯ ತೋಟದವನು ಬೇಡುವುದರಲ್ಲಿ ಬಲವಾದ ನ್ಯಾಯವಿದೆ. ರಾಗಿ ಬೆಳೆದವನು ಮುಂದಿನ ವರುಷ ಬೇರೊಂದನ್ನು ಬಿತ್ತಬಹುದು. ಅಡಿಕೆಯ ಸಸಿ ನೆಟ್ಟವನು ಫಲಕ್ಕಾಗಿ ಹಲವು ವರುಷ ಕಾಯಬೇಕು. ಫಲ ಬಂದಮೇಲೆ ಹತ್ತಾರು ವರುಷ ಆ ಮರಗಳಿಗೇ ಕಟ್ಟುಬಿದ್ದಿರಬೇಕು. ನೆಟ್ಟಾಗ ಇದ್ದ ವಿಧಿಯನ್ನು ನಂಬಿ ನೆಟ್ಟವನನ್ನು ರಾಜ್ಯವು ನಡುದಾರಿಯಲ್ಲಿ ಕೈಬಿಡುವುದು ವಿಶ್ವಾಸಘಾತಕ್ಕೆ ಸಮೀಪವಾದುದು. ತೋಟದವನ ಹಿಂದೆ ಕೊನೆಗಾರನಿರುವನು. ರಾತ್ರಿಯೆಲ್ಲ ಕುಳಿತು ಕಾಯಿ ಸುಲಿಯುವ ಹೆಂಗಸರಿರುವರು. ಬೆಲೆಯು ಅರ್ಧಕ್ಕೆ ಇಳಿದರೆ ಮೊದಲು ಬತ್ತುವುದು ಅವರ ಕೂಲಿ.

ಆದರೆ ಎದುರು ಪಕ್ಷವೂ ದುರ್ಬಲವಲ್ಲ. ರಾಜ್ಯವು ತೋಟದವನಿಗೆ ಮಾತು ಕೊಟ್ಟಂತೆ ಹೊರರಾಷ್ಟ್ರಗಳಿಗೂ ಮಾತು ಕೊಟ್ಟಿದೆ. ಭಾರತವು ಬಹುಕಾಲ ಇಟ್ಟುಕೊಂಡಿದ್ದ ಆಮದು ಪರಿಮಾಣದ ನಿರ್ಬಂಧಗಳನ್ನು ಅಮೆರಿಕವು ೧೯೯೭ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಪ್ರಶ್ನಿಸಿತು. ೧೯೯೯ರಲ್ಲಿ ತೀರ್ಪು ಭಾರತಕ್ಕೆ ವಿರೋಧವಾಗಿ ಬಂದು, ೨೦೦೧ರ ಏಪ್ರಿಲ್ ೧ರ ಹೊತ್ತಿಗೆ ಆ ನಿರ್ಬಂಧಗಳನ್ನು ತೆಗೆಯಲಾಯಿತು. ಸುಂಕವನ್ನು ವಿಧಿಸಬಹುದು, ಪ್ರವೇಶವನ್ನೇ ತಡೆಯಕೂಡದು ಎಂಬುದು ಆ ವ್ಯವಸ್ಥೆಯ ಮೂಲತತ್ತ್ವ. ಯೂರೋಪಿನ ರಾಷ್ಟ್ರಸಮುದಾಯವು ಟೊಮೆಟೊ ಸಾರಕ್ಕೆ ಕಟ್ಟಿದ್ದ ಕನಿಷ್ಠ ಆಮದು ಬೆಲೆಯು ನಿರ್ಬಂಧವೇ ಸರಿ ಎಂದು ೧೯೭೮ರಲ್ಲಿಯೇ ನಿರ್ಣಯವಾಗಿತ್ತು. ೨೦೧೯ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿಯ ಮಂಡಲಿಯು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿತು. ನ್ಯಾಯಾಧೀಶನಿಲ್ಲದ ಊರಿನಲ್ಲಿ ಕೊಟ್ಟ ಮಾತು ಮಾತಾಗಿಯೇ ಉಳಿಯುವುದೋ ಇಲ್ಲವೋ ಎಂಬುದು ರಾಷ್ಟ್ರಗಳ ಶೀಲಕ್ಕೆ ಬಂದ ಪರೀಕ್ಷೆ.

ಹೊರದೇಶದ ಅಡಿಕೆಯೂ ತಾನಾಗಿ ಬೆಳೆದುದಲ್ಲ. ಇಂಡೋನೇಷ್ಯದಲ್ಲಿಯಾಗಲಿ ಮ್ಯಾನ್ಮಾರಿನಲ್ಲಿಯಾಗಲಿ ಮರ ಹತ್ತಿ ಗೊನೆ ಇಳಿಸುವವನು ಇಲ್ಲಿಯವನಂತೆಯೇ ಬಡವ. ತಿನ್ನುವವನ ಹಿತವನ್ನೂ ಮರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು ಅಡಿಕೆಯು ಮನುಷ್ಯರಲ್ಲಿ ಅರ್ಬುದಕ್ಕೆ ಕಾರಣವಾಗುವುದೆಂದು ೨೦೦೪ರಲ್ಲಿ ಪ್ರಕಟಿಸಿತು. ಇದನ್ನು ಬೆಳೆಗಾರನು ಕೇಳದವನಂತೆ ಇರಬಹುದು. ರಕ್ಷಣೆಯ ನ್ಯಾಯವನ್ನು ತೂಗುವವನು ಹಾಗಿರಲಾರನು. ಕಡೂರು ಅಜ್ಜಂಪುರಗಳ ಬಯಲುಸೀಮೆಯಲ್ಲಿ ರಾಗಿ, ಈರುಳ್ಳಿ ಬೆಳೆಯುತ್ತಿದ್ದ ಹೊಲಗಳಿಗೆ ಕೊಳವೆಬಾವಿಯನ್ನು ನಂಬಿ ಅಡಿಕೆಯನ್ನು ಇಳಿಸಿದವರೂ ಉಂಟು. ಬಾವಿ ಬತ್ತಿದರೆ ಆ ಮರವನ್ನು ಯಾವ ಸುಂಕವೂ ಉಳಿಸಲಾರದು. ಹಳೆಯ ತೋಟವನ್ನು ಕಾಯುವ ವಿಧಿಯು ನೀರಿಲ್ಲದ ನೆಲದಲ್ಲಿ ಹೊಸ ತೋಟವನ್ನು ಹುಟ್ಟಿಸಿದರೆ, ರಕ್ಷಣೆಯು ಪ್ರಲೋಭನವಾಗಿ ಮಾರ್ಪಟ್ಟಂತಾಯಿತು.

ಹೀಗೆ ಎರಡು ಪಕ್ಷಗಳನ್ನೂ ತೂಗಿದರೆ ಹೊರಡುವ ಸಿದ್ಧಾಂತವಿದು. ನಂಬಿ ನೆಟ್ಟವನಿಗೆ ರಾಜ್ಯವು ರಕ್ಷಣೆಯನ್ನು ಕೊಡುವುದು ನ್ಯಾಯ. ಆ ರಕ್ಷಣೆಯು ಸುಂಕವೆಂಬ ತನ್ನ ನಿಜವಾದ ಹೆಸರಿನಲ್ಲಿ, ಕೊಟ್ಟ ಒಪ್ಪಂದಗಳ ಮಿತಿಯೊಳಗೆ, ಇಷ್ಟು ಕಾಲಕ್ಕೆ ಎಂಬ ಗಡುವಿನೊಡನೆ ಬರತಕ್ಕದ್ದು. ಹೊಸ ಒಪ್ಪಂದಕ್ಕೆ ರುಜು ಹಾಕುವ ಮುನ್ನ ಅಡಿಕೆಯನ್ನು ಹೊರಗಿಡಬೇಕೆಂದಿದ್ದರೆ ಆಗಲೇ ಹೊರಗಿಡತಕ್ಕದ್ದು; ಬಾಗಿಲನ್ನು ಒಪ್ಪಂದದಿಂದ ತೆರೆದು ಪ್ರಕಟಣೆಯಿಂದ ಮುಚ್ಚುವುದರಿಂದ ಒಳಗಿನವನಿಗೂ ಹೊರಗಿನವನಿಗೂ ನಂಬಿಕೆ ಕೆಡುವುದು. ಹೆಸರಿನ ನಿರ್ಣಯವು ಪೇಟೆಯ ರೂಢಿಯನ್ನು ಅನುಸರಿಸತಕ್ಕದ್ದು. ಬೇಯಿಸಿದ ಕಾಯಿಯು ತರೀಕೆರೆಯಲ್ಲಿ ಅಡಿಕೆಯಾದರೆ ಬಂದರಿನಲ್ಲಿಯೂ ಅಡಿಕೆಯೇ.

ಈ ಕೊನೆಯ ಮಾತು ತೋಟದವನಿಗೂ ಅನ್ವಯಿಸುವುದು. ಹೊರನಾಡಿನ ಮೂಟೆಯ ಪತ್ರದಲ್ಲಿ ನಿಜವಾದ ಹೆಸರು, ನಿಜವಾದ ಊರು, ನಿಜವಾದ ಬೆಲೆ ಇರಬೇಕೆಂದು ಅವನು ಬೇಡುವನು. ಅದೇ ಮೂರನ್ನು ಅವನೂ ಅವನ ಮಂಡಿಯವನೂ ತಮ್ಮ ಚೀಟಿಯಲ್ಲಿ ಬರೆಯಲು ಬದ್ಧರು. ಅಗ್ಗದ ಹೊರಕಾಯನ್ನು ಮಲೆನಾಡಿನ ರಾಶಿಯೊಡನೆ ಬೆರೆಸಿ ಒಂದೇ ಹೆಸರಿನಲ್ಲಿ ಮಾರಿದವನು, ಬಿಲ್ಲಿಲ್ಲದೆ ಲಾರಿ ತುಂಬಿದವನು, ಬಂದರಿನಲ್ಲಿ ಸುಳ್ಳು ಬರೆದವನ ಬಂಧುವೇ ಹೊರತು ಪ್ರತಿವಾದಿಯಲ್ಲ. ಸುಂಕದವನು ಸುಖದುಃಖವನ್ನು ಕೇಳಬೇಕೆಂದು ಬಯಸುವವನು ಮೊದಲು ಅವನ ಮುಂದೆ ಹೇರಿನ ಲೆಕ್ಕವನ್ನು ಸರಿಯಾಗಿ ಒಪ್ಪಿಸಲಿ. ಆ ಮೇಲೆ ಅವನ ಸುಖದುಃಖದ ಮಾತಿಗೆ ಬೆಲೆ ಬರುವುದು.